ಸಹಾಯ ಬೇಕು: 5 ಬೆಕ್ಕುಗಳಲ್ಲಿ ಒಂದಕ್ಕೆ ಎಫ್‌ಇಎಲ್‌ವಿ ಪಾಸಿಟಿವ್

2 ವರ್ಷದ ಗಂಡು ಬೆಕ್ಕಿಗೆ ರ್‍ಯಾಪಿಡ್ ಟೆಸ್ಟ್‌ನಲ್ಲಿ ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ಪಾಸಿಟಿವ್ ಬಂದಿದೆ. ಉಳಿದ ನಾಲ್ಕೂ ನೆಗೆಟಿವ್. ಆದರೆ ಸೋಂಕು ತಗುಲಿದ ಮೊದಲ ಕೆಲ ವಾರ ಟೆಸ್ಟ್‌ಗೆ ಸಿಗದೇ ಇರಬಹುದು, ಹಾಗಾಗಿ 6 ವಾರ ಬಿಟ್ಟು ಎಲ್ಲಕ್ಕೂ ಮತ್ತೆ ಮಾಡಿಸ್ತೇವೆ.

ಅವನಿಗೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲಿಟರ್ ಟ್ರೇ (ಮಲಮೂತ್ರದ ಟ್ರೇ). ಹರಡುವುದು ಮುಖ್ಯವಾಗಿ ಜೊಲ್ಲಿನಿಂದ, ಒಂದನ್ನೊಂದು ನೆಕ್ಕುವಾಗ. ಹೊರಗೆ ವೈರಸ್ ಹೆಚ್ಚು ಹೊತ್ತು ಬದುಕಲ್ಲ, ಸೋಪಿಗೇ ಸಾಯುತ್ತೆ. ಈ ವೈರಸ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತೆ, ಹಾಗಾಗಿ ಹಸಿ ಮಾಂಸ ಪೂರ್ತಿ ನಿಲ್ಲಿಸಿದ್ದೇವೆ. ಈಗ ಅವನ ಕೋರೆಹಲ್ಲಿನ ಹಿಂದೆ ಒಸಡಿನಲ್ಲಿ ದಾರದಷ್ಟು ಕೆಂಪು ಗೆರೆ. ಒಣ ಕ್ಯಾಟ್ ಫುಡ್ ಕಾಳು ಬಾಯಿಗೆ ಹಾಕಿಕೊಂಡು ಉಗುಳ್ತಾನೆ.

ಬೆಂಗಳೂರಿನಲ್ಲಿ ಇದಕ್ಕೆ ಪಿಸಿಆರ್ ಮಾಡುವ ಲ್ಯಾಬ್ ಯಾವುದು? ನೆಗೆಟಿವ್ ಬೆಕ್ಕುಗಳಿಗೆ ಎಫ್‌ಇಎಲ್‌ವಿ ಲಸಿಕೆ (3–4 ವಾರ ಅಂತರದ 2 ಡೋಸ್) ಎಲ್ಲಿ ಸಿಗುತ್ತೆ? ಸಾಮಾನ್ಯ ಟ್ರೈಕ್ಯಾಟ್‌ನಲ್ಲಿ (ಬೆಕ್ಕಿನ ಬೇರೆ ಮೂರು ರೋಗಗಳ ಲಸಿಕೆ) ಇದು ಇರಲ್ಲ, ದಯವಿಟ್ಟು ಲೇಬಲ್ ನೋಡಿಯೇ ಹೇಳಿ.