ಮಳೆ ರಜೆಯ ಆನ್‌ಲೈನ್ ತರಗತಿ: ಕ್ವಿಜ್ ಆಟದಲ್ಲಿ ಯಾವಾಗಲೂ ವೈಫೈ ಇರುವವರೇ ಗೆಲ್ಲುತ್ತಾರೆ, ಏನು ಮಾಡಲಿ?

ಆರನೇ ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆ ಆರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಜುಲೈ ಬಂತೆಂದರೆ ನಮ್ಮ ಕೊಡಗಿನ ಕಥೆ ಗೊತ್ತಲ್ವಾ, ಛತ್ರಿ ಹಿಡಿದು ಹೊರಡುವ ಹೊತ್ತಿಗೆ ಮಳೆ ರಜೆ ಅಂತ ಮೆಸೇಜ್ ಬರುತ್ತದೆ. ಹೋದ ವಾರ ಮೂರು ದಿನ ಹಾಗೇ ಆಯಿತು. ಪಾಠ ಹಿಂದೆ ಬೀಳಬಾರದು ಅಂತ ಗೂಗಲ್ ಮೀಟ್‌ನಲ್ಲಿ ತರಗತಿ ಮಾಡಿದೆ. ಸುಮ್ನೆ ಪಾಠ ಮಾಡಿದರೆ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಕಂಬಳಿ ಹೊದ್ದುಕೊಳ್ಳುತ್ತಾರೆ, ಅದಕ್ಕೆ ಭಿನ್ನರಾಶಿ ಮೇಲೆ ಒಂದು ಕ್ವಿಜ್ ಆಟ ಹಾಕಿದೆ. ಮೊದಲ ದಿನ ಖುಷಿಯೋ ಖುಷಿ.

ಮೂರನೇ ದಿನಕ್ಕೆ ಗೊತ್ತಾಯಿತು, ಮೇಲಿನ ಮೂರು ಹೆಸರು ಬದಲಾಗುತ್ತಲೇ ಇಲ್ಲ. ಮೂರೂ ಪೇಟೆಯ ಮಕ್ಕಳು, ಮನೆಯಲ್ಲಿ ವೈಫೈ ಇದೆ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವವಳು. ಆಟದಲ್ಲಿ ಅವಳು ಕೊನೆಯಿಂದ ಎರಡನೆಯವಳು. "ಟೀಚರ್, ಪ್ರಶ್ನೆ ಕಾಣೋ ಮೊದ್ಲೇ ಟೈಮ್ ಮುಗೀತು" ಅಂತ ಚಾಟ್‌ನಲ್ಲಿ ಹಾಕಿದಳು. ಮರುದಿನ ಬರಲೇ ಇಲ್ಲ. ಆಟವನ್ನೇ ಬಿಡಲಾ, ಅಥವಾ ಬೇರೆ ದಾರಿ ಇದೆಯಾ?

ಗೋಣಿಕೊಪ್ಪದಿಂದ

ಮೇಡಂ, ನೀವು ಯಾವುದನ್ನು ಬಳಸುತ್ತೀರೋ ಗೊತ್ತಿಲ್ಲ, ನಾನು ಬಳಸುವುದು ಕಹೂಟ್. ಅದರಲ್ಲಿ ಅಂಕದ ಲೆಕ್ಕ ಹೇಗೆ ಅಂತ ಒಮ್ಮೆ ನೋಡಿದರೆ ಸಮಸ್ಯೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸರಿ ಉತ್ತರಕ್ಕೆ ಹೆಚ್ಚೆಂದರೆ 1000 ಅಂಕ. ತಡ ಮಾಡಿದಷ್ಟೂ ಇಳಿಯುತ್ತಾ ಹೋಗಿ ಸಮಯ ಮುಗಿಯುವ ಹೊತ್ತಿಗೆ ಅರ್ಧ ಆಗುತ್ತದೆ. 20 ಸೆಕೆಂಡಿನ ಪ್ರಶ್ನೆಗೆ 2 ಸೆಕೆಂಡಿನಲ್ಲಿ ಒತ್ತಿದವನಿಗೆ 950, 14 ಸೆಕೆಂಡಿಗೆ ಒತ್ತಿದವಳಿಗೆ 650. ಇಬ್ಬರದ್ದೂ ಸರಿ ಉತ್ತರವೇ! ಹತ್ತು ಪ್ರಶ್ನೆ ಹೀಗೇ ಹೋದರೆ 3000 ಅಂಕ ಹಿಂದೆ. ಅಂದರೆ ನಾವು ಅಳೆಯುತ್ತಿರುವುದು ಭಿನ್ನರಾಶಿಯನ್ನಲ್ಲ, ಸಿಗ್ನಲ್ಲನ್ನು.

ಇನ್ನೊಂದು ವಿಷಯ. ಪ್ರಶ್ನೆಯನ್ನು ನೀವು ಮೀಟ್‌ನಲ್ಲಿ ಸ್ಕ್ರೀನ್ ಹಂಚಿ ತೋರಿಸುತ್ತೀರಿ, ಆ ವಿಡಿಯೊ ನೆಟ್ ಕಮ್ಮಿ ಇರುವ ಮನೆಗೆ ತಡವಾಗಿ ಮುಟ್ಟುತ್ತದೆ. ಮಗು ಅದೇ ಫೋನಿನಲ್ಲಿ ಮೀಟ್ ಬಿಟ್ಟು ಆಟಕ್ಕೆ ಬರಬೇಕು, ಮತ್ತೆ ಮೀಟ್‌ಗೆ ಹೋಗಬೇಕು. ಸೆಟ್ಟಿಂಗ್‌ನಲ್ಲಿ ಪ್ರಶ್ನೆಯನ್ನೂ ಮಕ್ಕಳ ಫೋನಿನಲ್ಲೇ ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಸಮಯವನ್ನು 240 ಸೆಕೆಂಡಿನವರೆಗೂ ಹೆಚ್ಚಿಸಬಹುದು. ನಾನಂತೂ ಲೆಕ್ಕದ ಪ್ರಶ್ನೆಗೆ 90ಕ್ಕಿಂತ ಕಮ್ಮಿ ಇಡುವುದೇ ಇಲ್ಲ.

ಇಬ್ಬರು ಮಕ್ಕಳ ಅಮ್ಮ

ನಾನು ಟೀಚರ್ ಅಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್ ಫೋನ್, ಅದು ಬೆಳಿಗ್ಗೆ ಯಜಮಾನರ ಜೊತೆ ಹೋಗಿ ಸಂಜೆ ಆರಕ್ಕೆ ಬರುತ್ತದೆ. ಹತ್ತು ಗಂಟೆಗೆ ಆಟ ಅಂದರೆ ನನ್ನ ಮಕ್ಕಳಿಗೆ ಆಟವೇ ಇಲ್ಲ. ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಚಾರ್ಜೂ ಇಲ್ಲ. ಮತ್ತೆ ಆ ಕೊನೆಯಲ್ಲಿ ಬರುವ ಪಟ್ಟಿ ಇದೆಯಲ್ಲ, ಯಾರು ಎಷ್ಟನೆಯವರು ಅಂತ, ಅದನ್ನು ದಯವಿಟ್ಟು ಎಲ್ಲರಿಗೂ ತೋರಿಸಬೇಡಿ. ನನ್ನ ಮಗ ಅದು ಬರುವ ಮೊದಲೇ ಫೋನ್ ಮಗುಚಿ ಇಡುತ್ತಾನೆ.

ಗೋಣಿಕೊಪ್ಪದಿಂದ

ಅಕ್ಕ ಹೇಳಿದ್ದು ಸರಿ. ಹಾಗಿದ್ದರೆ ಲೈವ್ ಆಟ ಬಿಟ್ಟು ಹೋಂವರ್ಕ್ ತರಹ ಕೊಡುವುದೇ ವಾಸಿ. ಕ್ವಿಜಿಜ್‌ನಲ್ಲಿ ಅದು ಸುಲಭ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು, 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಾಯಿಸಿಕೊಂಡಿದೆ, ಹಳೇ ಹೆಸರಲ್ಲಿ ಹುಡುಕಿ ಗಾಬರಿ ಆಗಬೇಡಿ. ಟೈಮರ್ ಆಫ್ ಮಾಡಿ, ಎರಡು ಮೂರು ದಿನ ಗಡುವು ಇಟ್ಟು, ಲಿಂಕ್ ಕಳಿಸಿ. ಫೋನ್ ಮನೆಗೆ ಬಂದಾಗ ಆಡುತ್ತಾರೆ. ಯಾವ ಪ್ರಶ್ನೆಯಲ್ಲಿ ಜಾಸ್ತಿ ಮಕ್ಕಳು ಎಡವಿದ್ದಾರೆ ಅಂತ ನಿಮಗೆ ವರದಿ ಸಿಗುತ್ತದೆ, ನನಗೆ ಆಟಕ್ಕಿಂತ ಅದೇ ಮುಖ್ಯ.

ನಿವೃತ್ತ ಮೇಷ್ಟ್ರು

ಟೈಮರ್ ತೆಗೆದರೂ ಅದು ಬಣ್ಣ ಹಚ್ಚಿದ ಪರೀಕ್ಷೆಯೇ ಅಲ್ವಾ? ನಾಲ್ಕು ಉತ್ತರ, ಒಂದು ಒತ್ತು. ತಿಳಿಯದಿದ್ದರೂ ನಾಲ್ಕರಲ್ಲಿ ಒಂದು ಸಲ ಸರಿ ಬೀಳುತ್ತದೆ. ಆಟ ಆಡುತ್ತಾ ಆಡುತ್ತಾ ಪಾಠ ತಿಳಿಯಬೇಕು, ಕಲಿತದ್ದನ್ನು ಕೇಳುವುದಷ್ಟೇ ಆದರೆ ಕಾಗದದ ಮೇಲೂ ಕೇಳಬಹುದು.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ (PhET) ನೋಡಿ, ಗಣಿತ ವಿಜ್ಞಾನವನ್ನು ಆಡುತ್ತಾ ಕಲಿಯುವ ವೆಬ್‌ಸೈಟ್. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ದುಡ್ಡಿಲ್ಲ. ಅದರಲ್ಲಿ ಭಿನ್ನರಾಶಿ ಜೋಡಿಸುವ ಆಟ ಇದೆ, ಒಂದು ತಕ್ಕಡಿಯಲ್ಲಿ 1/2 ಇಟ್ಟರೆ ಇನ್ನೊಂದರಲ್ಲಿ ನಾಲ್ಕು ತುಂಡಿನಲ್ಲಿ ಎರಡಕ್ಕೆ ಬಣ್ಣ ಹಚ್ಚಿದ ಚಿತ್ರ ಹುಡುಕಿ ಇಡಬೇಕು. ಮಗು ತಪ್ಪಿದರೆ ಯಾಕೆ ತಪ್ಪಿತು ಅಂತ ಕಣ್ಣಿಗೇ ಕಾಣುತ್ತದೆ. ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಶಾಲೆ ಇರುವ ದಿನವೇ ಮಕ್ಕಳ ಮನೆಯ ಫೋನಿಗೆ ಹಾಕಿಸಿಬಿಡಿ, ಮಳೆ ಬಂದ ಮೇಲೆ ಪರದಾಡಬೇಡಿ.

ಆರನೇ ಕ್ಲಾಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ತೋರಿಸುವುದನ್ನು ಇವತ್ತೇ ನಿಲ್ಲಿಸಿದೆ, ಅಕ್ಕ. ಟೈಮರ್ ಇಲ್ಲದೆ ಮೂರು ದಿನದ ಗಡುವು ಕೊಟ್ಟು ನೋಡಿದೆ, 24ರಲ್ಲಿ 21 ಮಕ್ಕಳು ಮುಗಿಸಿದ್ದಾರೆ. ಆ ಹುಡುಗಿ ರಾತ್ರಿ ಒಂಬತ್ತಕ್ಕೆ ಆಡಿದ್ದಾಳೆ, ಒಂದೇ ಒಂದು ತಪ್ಪು. ನಾಳೆಯಿಂದ ಪ್ರಶ್ನೆಗಳನ್ನೂ ಮಕ್ಕಳಿಂದಲೇ ಬರೆಸಬೇಕು ಅಂತ ಇದ್ದೇನೆ. ಅವಳು ಆಗಲೇ ಒಂದು ಕಳಿಸಿದ್ದಾಳೆ: "ಅಪ್ಪ 40 ಕಿಲೋ ಕಾಫಿ ಹಣ್ಣು ಕುಯ್ದರು, ಅದರಲ್ಲಿ 3/8 ಭಾಗ ಅಮ್ಮ ಕುಯ್ದಿದ್ದು, ಹಾಗಾದರೆ ಅಪ್ಪ ಸುಳ್ಳು ಹೇಳಿದ್ದು ಎಷ್ಟು ಕಿಲೋ?" ನಗು ತಡೆಯಲಾಗಲಿಲ್ಲ.

ಉಳಿದ ಮೂವರದ್ದು ಮಾತ್ರ ತಲೆನೋವು. ಅವರ ಮನೆಯಲ್ಲಿ ಬಟನ್ ಫೋನ್.

ಸುಳ್ಯದ ಸೊಸೆ, ಈಗ ಮಡಿಕೇರಿ

ಬಟನ್ ಫೋನ್ ಸಾಕು ಟೀಚರ್! ಚೆನ್ನೆಮಣೆ ಆಡಿಸಿ. ನಮ್ಮಮ್ಮನ ಮನೆಯಲ್ಲಿ ಆಟಿ ತಿಂಗಳ ಮಳೆಗೆ ಅದೇ ಕೆಲಸ. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಇಬ್ಬರೂ ಅವರವರ ಮನೆಯಲ್ಲಿ ಕಾಯಿ ಜೋಡಿಸಿಕೊಂಡು ಗುಳಿಗೆ ನಂಬರ್ ಕೊಟ್ಟರೆ ಆಯಿತು, "ನಂದು ಐದನೇದು" ಅಂತ ಫೋನಿನಲ್ಲಿ ಹೇಳುತ್ತಾ ಎರಡೂ ಕಡೆ ಕಾಯಿ ನಡೆಸಬಹುದು. ಆಟ ಮುಗಿದ ಮೇಲೆ ನಿಮ್ಮ ಭಿನ್ನರಾಶಿ ಕೇಳಿ. 56ರಲ್ಲಿ 21 ಗೆದ್ದರೆ ಎಷ್ಟನೇ ಭಾಗ? ನಿಮ್ಮ ಆ ಹುಡುಗಿಯ 3/8 ಅಲ್ಲೂ ಸಿಕ್ಕಿತು ನೋಡಿ.

ಆರನೇ ಕ್ಲಾಸ್ ಟೀಚರ್

ಅಯ್ಯೋ, ಇದು ಹೊಳೆದೇ ಇರಲಿಲ್ಲ. ಆದರೆ ಮೂವರ ಮನೆಯಲ್ಲೂ ಮಣೆ ಇರಬೇಕಲ್ಲ?

ಸುಳ್ಯದ ಸೊಸೆ, ಈಗ ಮಡಿಕೇರಿ

ಮಣೆ ಯಾಕೆ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳರ ಎರಡು ಸಾಲು ಸುತ್ತು ಬರೆಯಲಿ. ಕಾಯಿಗೆ ಕಾಫಿ ಬೀಜ.