ಬಿದ್ದ ಮೇಲೆ ಕುದುರೆ ಹತ್ತೋಕೆ ಭಯವಾ? ಮಾಸ್ಟ್ರಿಗೆ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ಭಾನುವಾರ ಉತ್ತರ ಕೊಡೋರು ನಮ್ಮ ಮಾಸ್ಟ್ರು. ಹಿಂದೆ ಅಶ್ವಾರೋಹಿ ಪೊಲೀಸ್ ದಳದಲ್ಲಿದ್ರು, ಈಗ ತೀರ್ಥಹಳ್ಳಿ ಕಡೆ ಸವಾರಿ ಕಲಿಸ್ತಾರೆ. ವಿಷಯ ಒಂದೇ, ಬಿದ್ದೋ ಹೆದರಿಯೋ ಸವಾರಿ ಬಿಟ್ಟೋರು ಮತ್ತೆ ಶುರು ಮಾಡೋದು ಹೇಗೆ. ಗುಡ್ ಮಾರ್ನಿಂಗ್ ಫೋಟೋ, ಫಾರ್ವರ್ಡ್ ದಯವಿಟ್ಟು ಬೇಡ.

ಭದ್ರಾವತಿ ಬುಲೆಟ್: ಸರ್ ಶಿವಮೊಗ್ಗದಲ್ಲಿ ಕ್ಲಾಸ್ ಎಲ್ಲಿದೆ, ತಿಂಗಳಿಗೆ ಎಷ್ಟು ಫೀಸು?

ಮಾಸ್ಟ್ರು: ಇವತ್ತಿನ ವಿಷಯ ಅಲ್ಲ ಅದು. ಅಡ್ಮಿನ್‌ಗೆ ಮೆಸೇಜ್ ಮಾಡಿ.

ಸಾಗರದ ಸೊಸೆ: ನಮಸ್ತೆ ಸರ್. ನಂಗೆ ಟ್ರಾಟ್, ಅಂದ್ರೆ ಕುದುರೆಯ ಸಣ್ಣ ಓಟದ ತನಕ ಏನೂ ತೊಂದ್ರೆ ಇಲ್ಲ. ಅದಕ್ಕಿಂತ ಜೋರಿನ ಓಟ, ಕ್ಯಾಂಟರ್ ಅಂದ ತಕ್ಷಣ ಕೈ ತಣ್ಣಗಾಗಿ ಉಸಿರು ಕಟ್ಟುತ್ತೆ. ಬಿದ್ದಿಲ್ಲ, ಆದ್ರೆ ಜೊತೆಗೆ ಕಲೀತಿದ್ದ ಹುಡುಗಿ ಬಿದ್ದಿದ್ದು ಕಣ್ಣಾರೆ ನೋಡ್ದೆ, ಅವತ್ತಿಂದ ಹೀಗೆ. ಕುದುರೆ ಪಾಪ ಸಾಧು, ಆದ್ರೂ ನಾನು ಹೆದರಿದಾಗ ಅದೂ ಮಿಸುಕಾಡುತ್ತೆ.

ಮಾಸ್ಟ್ರು: ಮಿಸುಕಾಡದೆ ಇರುತ್ತಾ ಮೇಡಂ. 2009ರಲ್ಲಿ ಸ್ವೀಡನ್ನಿನೋರು ಒಂದು ಅಧ್ಯಯನ ಪ್ರಕಟಿಸಿದ್ರು. ಸವಾರರನ್ನ ಒಂದೇ ದಾರೀಲಿ ನಾಲ್ಕು ಸಲ ಓಡಾಡಿಸಿದ್ರು, ನಾಲ್ಕನೇ ಸಲ ಮಾತ್ರ ಮುಂಚೇನೇ ‘ಈಗ ಕೊಡೆ ಬಿಚ್ತೀವಿ’ ಅಂದ್ರು. ಕೊಡೆ ಬಿಚ್ಚಲೇ ಇಲ್ಲ, ಆದ್ರೂ ಸವಾರರ ಎದೆಬಡಿತ ಏರ್ತು, ಜೊತೆಗೆ ಕುದುರೇದೂ ಏರ್ತು. ಕುದುರೆಗೆ ಕೊಡೆ ವಿಷಯ ಯಾರೂ ಹೇಳಿರಲಿಲ್ಲ ನೋಡಿ. ಭಯ ಆದಾಗ ನಾವು ಮುಂದಕ್ಕೆ ಮುದುಡ್ತೀವಿ, ಮಂಡಿ ಬಿಗಿ ಹಿಡೀತೀವಿ, ಲಗಾಮು ಎಳೀತೀವಿ. ಕಾಲು ಒತ್ತಿದ್ರೆ ಕುದುರೆಗೆ ‘ಹೋಗು’, ಲಗಾಮು ಎಳೆದ್ರೆ ‘ನಿಲ್ಲು’, ಎರಡೂ ಒಟ್ಟಿಗೆ ಹೇಳಿದ್ರೆ ಅದೇನು ಮಾಡ್ಬೇಕು? ಸದ್ಯಕ್ಕೆ ಕ್ಯಾಂಟರ್ ಮರ್ತುಬಿಡಿ. ಟ್ರಾಟ್‌ನಲ್ಲಿ ಜೋರಾಗಿ ಹಾಡು ಹೇಳಿ, ಹಾಡ್ತಾ ಉಸಿರು ಕಟ್ಟಿ ಹಿಡಿಯೋಕೆ ಆಗಲ್ಲ. ಕುದುರೆ ಕುತ್ತಿಗೆಗೆ ಒಂದು ಹಳೇ ಬೆಲ್ಟ್ ಹಾಕಿ ಅದನ್ನ ಹಿಡ್ಕೊಳಿ, ಅದ್ರಲ್ಲಿ ನಾಚಿಕೆ ಏನಿಲ್ಲ. ಅದು ಸಲೀಸಾದ ಮೇಲೆ ನಾಲ್ಕೈದು ಹೆಜ್ಜೆ ಕ್ಯಾಂಟರ್, ವಾಪಸ್ ಟ್ರಾಟ್. ಚೆನ್ನಾಗಿ ಆಗ್ತಿರುವಾಗ್ಲೇ ಇಳೀರಿ, ‘ಇನ್ನೊಂದ್ ಸುತ್ತು’ ಅನ್ನೋ ಆಸೆ ಬೇಡ.

ಹೊಸನಗರದ ಟೀಚರ್: ಸರ್ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ನಮ್ಮದೇ ಒಂದು ಹೆಣ್ಣುಕುದುರೆ ಇದೆ, ತೋಟದ ದಾರೀಲಿ ಐದಾರು ವರ್ಷದಿಂದ ನಾನೇ ಓಡಿಸ್ತಿದ್ದೆ, ಒಂದಿನಾನೂ ತಂಟೆ ಮಾಡಿದ್ದಿಲ್ಲ. ಶಿವರಾತ್ರಿ ಹಿಂದಿನ ವಾರ ಕಾಡುಕೋಳಿ ಪುರ್ರಂತ ಎದ್ದಿದ್ದಕ್ಕೆ ಎಗರಿ ನನ್ನ ಕೆಡವಿಬಿಡ್ತು. ಬಿದ್ದಿದ್ದು, ಆಮೇಲೆ ಏನಾಯ್ತು ಅನ್ನೋದು ನಂಗೆ ನೆನಪೇ ಇಲ್ಲ, ಜೊತೇಲಿದ್ದೋರು ‘ಈಗ್ಲೇ ಹತ್ತದಿದ್ರೆ ಭಯ ಕೂತುಬಿಡುತ್ತೆ’ ಅಂತ ಮತ್ತೆ ಹತ್ತಿಸಿದ್ರಂತೆ. ಈಗ ಜೀನು ನೋಡಿದ್ರೇ ಹೊಟ್ಟೆ ತೊಳೆಸುತ್ತೆ, ಬಗ್ಗಿ ಎದ್ರೆ ತಲೆ ಸುತ್ತುತ್ತೆ. ಅವಳೂ ಬದ್ಲಾಗಿದಾಳೆ, ಹೊಟ್ಟೆ ಸುತ್ತ ಜೀನಿನ ಪಟ್ಟಿ ಬಿಗಿಯೋಕೆ ಹೋದ್ರೆ ಕಿವಿ ಹಿಂದಕ್ಕೆ ಮಾಡಿ ಕಚ್ಚೋಕೆ ಬರ್ತಾಳೆ. ಹಳೇ ಜೀನು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೊಲಿಗೆ ಬಿಟ್ಟಿತ್ತು, ದೀಪಾವಳಿ ಹೊತ್ತಿಗೆ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ತರಿಸಿದ್ವಿ. ಮನೆಯವರು ಮಾರಿಬಿಡೋಣ ಅಂತಾರೆ. ನಾನು ಧೈರ್ಯ ತಂದ್ಕೊಳೋದು ಹೇಗೆ?

ಮಾಸ್ಟ್ರು: ಟೀಚರೇ, ಧೈರ್ಯದ ಮಾತು ಆಮೇಲೆ. ಮೊದ್ಲು ತಲೆ. ಬಿದ್ದ ಮೇಲಿನದ್ದು ನೆನಪಿಲ್ಲ ಅಂದ್ರೆ ತಲೆಗೆ ಪೆಟ್ಟಾಗಿದೆ ಅಂತ್ಲೇ ಲೆಕ್ಕ, ಹೊರಗೆ ಗಾಯ ಇರ್ಲಿ ಬಿಡ್ಲಿ. ತಲೆ ಸುತ್ತೋದನ್ನ ನೀವು ಭಯದ ಖಾತೆಗೆ ಹಾಕ್ಬಿಟ್ಟಿದೀರಿ, ಅದು ಭಯ ಅಲ್ಲದೆಯೂ ಇರಬಹುದು. ನಾಳೆನೇ ಡಾಕ್ಟರಿಗೆ ತೋರಿಸಿ, ನೆನಪು ಹೋಗಿದ್ದನ್ನ ಮರೀದೆ ಹೇಳಿ. ಅವರು ಆಯ್ತು ಅನ್ನೋ ತನಕ ಯಾವ ಕುದುರೇನೂ ಹತ್ತಬೇಡಿ. ಮೊದಲ ಪೆಟ್ಟು ವಾಸಿ ಆಗೋ ಮುಂಚೆ ಇನ್ನೊಂದು ಬಿದ್ರೆ ಅದು ಎಷ್ಟೋ ಪಾಲು ಕೆಟ್ಟದ್ದು. ಆವತ್ತು ಹಾಕಿದ್ದ ಹೆಲ್ಮೆಟ್ ಎಸೀರಿ, ಮೇಲೆ ಬಿರುಕು ಕಾಣದಿದ್ರೂ ಒಳಗಿನ ಥರ್ಮಾಕೋಲು ಒಂದು ಸಲ ಅಮುಕಿದ್ರೆ ಅದರ ಕೆಲಸ ಮುಗೀತು. ‘ಬಿದ್ದ ತಕ್ಷಣ ಹತ್ತು’ ಅನ್ನೋ ಮಾತು ಯಾರು ಹುಟ್ಟುಹಾಕಿದ್ರೋ, ತಲೆಗೆ ಪೆಟ್ಟಾದೋರನ್ನ ಹಾಗೆ ಹತ್ತಿಸೋದು ಶುದ್ಧ ಬೇಜವಾಬ್ದಾರಿ.

ಈಗ ಅವಳ ವಿಷಯ. ಹೊಸನಗರದ ತೋಟದಲ್ಲಿ ಕಾಡುಕೋಳಿ ಏಳದ ದಿನ ಇದೆಯಾ? ಅಷ್ಟು ವರ್ಷ ನೋಡಿದ ಕೋಳಿಗೆ ಆವತ್ತೊಂದಿನ ಎಂತಕ್ಕೆ ಅಷ್ಟು ಎಗರಿದ್ಲು? ಜೀನು ಬದ್ಲಾಯಿಸಿದ್ದು ದೀಪಾವಳಿಗೆ, ಬಿದ್ದಿದ್ದು ಶಿವರಾತ್ರಿಗೆ. ನಂಗೆ ಅನುಮಾನ ಜೀನಿನ ಮೇಲೆ. ಬೇರೆ ಕುದುರೆ ಬೆನ್ನಿಗೆ ಒಗ್ಗಿದ ಜೀನು ಇವಳಿಗೆ ಎಲ್ಲೋ ಒತ್ತುತ್ತಿದೆ, ಬೆನ್ನು ನೋಯ್ತಿರೋ ಕುದುರೆ ಸಣ್ಣ ಸದ್ದಿಗೂ ಹಾರುತ್ತೆ. ಹೀಗೆ ಮಾಡಿ, ನೀವು ಹತ್ತಬೇಡಿ, ಬರೀ ಜೀನು ಹಾಕಿ ಬೆವರೋ ತನಕ ಉದ್ದ ಹಗ್ಗದಲ್ಲಿ ಸುತ್ತು ಹೊಡೆಸಿ. ತೆಗೆದು ನೋಡಿ, ಬೆನ್ನೆಲ್ಲ ಒದ್ದೆ ಇದ್ದು ನಡುವೆ ಎಲ್ಲಾದ್ರೂ ಅಂಗೈಯಷ್ಟು ಒಣಗಿದ ಜಾಗ ಇದ್ರೆ ಅಲ್ಲಿ ಒತ್ತಡ ಬೀಳ್ತಿರಬಹುದು. ಬೆನ್ನೆಲುಬಿನ ಎರಡೂ ಪಕ್ಕ ಬೆರಳು ಒತ್ತಿ ಹೆಗಲಿಂದ ಸೊಂಟದ ತನಕ ನಿಧಾನಕ್ಕೆ ತನ್ನಿ, ಬೆನ್ನು ಕೆಳಕ್ಕೆ ಕುಸಿಯುತ್ತಾ, ಚರ್ಮ ನಡುಗುತ್ತಾ ನೋಡಿ. ಕಂದು ಮೈಯಲ್ಲಿ ಜೀನಿನ ಜಾಗದಲ್ಲಿ ಬಿಳಿಕೂದಲು ಹುಟ್ಟಿದ್ರೂ ಅದೇ ಸಾಕ್ಷಿ. ಪಟ್ಟಿ ಬಿಗಿಯುವಾಗ ಕಚ್ಚೋದು ಹೊಟ್ಟೆಹುಣ್ಣಿಂದಲೂ ಇರಬಹುದು, ಕುದುರೆ ಹೊಟ್ಟೇಲಿ ಆಮ್ಲ ಇಪ್ಪತ್ನಾಲ್ಕು ಗಂಟೆನೂ ಊರ್ತಾ ಇರುತ್ತೆ, ಹುಲ್ಲು ಇಲ್ದೆ ಗಂಟೆಗಟ್ಲೆ ಕಟ್ಟಿಹಾಕಿದ್ರೆ ಹುಣ್ಣಾಗುತ್ತೆ. ಶಿವಮೊಗ್ಗದ ಪಶುವೈದ್ಯ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ.

ಇಷ್ಟಾದ ಮೇಲೆ ನಿಮ್ಮ ಧೈರ್ಯ. ಮೈ ಉಜ್ಜಿ, ಕೈಲಿ ಹಿಡ್ಕೊಂಡು ಅದೇ ದಾರೀಲಿ ನಡೆಸಿ, ನಿಲ್ಲು ಅಂದ್ರೆ ನಿಲ್ತಾಳಾ, ಹಿಂದೆ ಸರಿ ಅಂದ್ರೆ ಸರೀತಾಳಾ ನೋಡಿ. ಡಾಕ್ಟರ್ ಒಪ್ಪಿದ ಮೇಲೆ ಮೊದಲ ಸವಾರಿ ಬೇರೆ ವಯಸ್ಸಾದ ಸಾಧು ಕುದುರೆ ಮೇಲೆ, ಹಗ್ಗ ಇನ್ನೊಬ್ಬರ ಕೈಲಿ ಇರ್ಲಿ. ನಿಮ್ಮ ಭಯ ಹುಚ್ಚಲ್ಲ ಟೀಚರೇ, ಕುದುರೆ ಸರಿ ಇಲ್ಲ ಅಂತ ನಿಮ್ಮ ಮೈಗೆ ಗೊತ್ತಾಗಿತ್ತು.

ಅಡಿಕೆ ಮಂಡಿ: ಫಾರ್ವರ್ಡ್ ಮಾಡಿದ್ದು 👇 ಸವಾರಿಗೆ ಅರ್ಧ ಗಂಟೆ ಮುಂಚೆ ಪ್ರೊಪ್ರನಲಾಲ್ ಮಾತ್ರೆ ತಗೊಂಡ್ರೆ ಎದೆ ಢವಢವ ಮಾಯ! ಕುದುರೆ ತಂಟೆ ಮಾಡಿದ್ರೆ ಅದಕ್ಕೂ ನಿದ್ದೆ ಇಂಜೆಕ್ಷನ್ ಸ್ವಲ್ಪ. ಎಲ್ಲರಿಗೂ ಶೇರ್ ಮಾಡಿ 🙏

ಮಾಸ್ಟ್ರು: ಅಡ್ಮಿನ್ ಇದನ್ನ ತೆಗೀರಿ. ಆ ಮಾತ್ರೆ ಅಸ್ತಮಾ ಇರೋರಿಗೆ ಜೀವಕ್ಕೇ ಅಪಾಯ, ಡಾಕ್ಟರ್ ಬರೆದುಕೊಡದೆ ಯಾರೂ ಮುಟ್ಟಬೇಡಿ. ಮಂಪರಲ್ಲಿರೋ ಕುದುರೆ ಎಡವಿ ಸವಾರನ ಸಮೇತ ಬೀಳುತ್ತೆ, ಅಷ್ಟಾದ್ರೂ ಗಟ್ಟಿ ಸದ್ದಾದ್ರೆ ಆ ಮಂಪರಲ್ಲೂ ಬೆಚ್ಚುತ್ತೆ. ಒಂದು ಪೆಗ್ ಹಾಕಿ ಹತ್ತೋ ಸಲಹೇನೂ ಯಾರೋ ಇನ್‌ಬಾಕ್ಸಿಗೆ ಕಳಿಸಿದಾರೆ, ಅವರಿಗೂ ಇದೇ ಉತ್ತರ.

ಅಡಿಕೆ ಮಂಡಿ: ಒಳ್ಳೇದಾಗ್ಲಿ ಅಂತ ಹಾಕಿದ್ದು ಮಾರಾಯ್ರೆ, ಇಷ್ಟು ಸಿಟ್ಟೆಂತಕ್ಕೆ?

ತುಂಗಾ ತೀರ: ನಾವು ಕಾಡುದಾರೀಲಿ ಹೋಗ್ತೀವಿ, ಬೀಳೋದಕ್ಕಿಂತ ಉಣ್ಣಿ ಭಯ ಜಾಸ್ತಿ ಸರ್.

ಮಾಸ್ಟ್ರು: ಅದು ಇರಬೇಕಾದ ಭಯ. ಉಣ್ಣಿ ಕಚ್ಚಿ ಬರೋ ಮಂಗನ ಕಾಯಿಲೆ 1957ರಲ್ಲಿ ಗೊತ್ತಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಬೇಸಿಗೆ ಮುಗಿಯೋ ತನಕ ಕಾಡೊಳಗೆ ಹೋಗ್ಬೇಡಿ, ಮಂಗ ಸತ್ತ ಸುದ್ದಿ ಇರೋ ಕಡೆ ಖಂಡಿತ ಬೇಡ. ಬಂದ ಮೇಲೆ ನಿಮ್ಮ ಮೈ, ಕುದುರೆ ಮೈ ಎರಡೂ ನೋಡ್ಕೊಳಿ.

ಕೊಪ್ಪದ ಕಾಫಿ: ನನ್ನ ಮಗನಿಗೆ 7 ವರ್ಷ, ಒಂದು ಸಲ ಕುದುರೆ ತಲೆ ಕೊಡವಿದ್ದಕ್ಕೆ ಈಗ ಹತ್ರಾನೂ ಹೋಗಲ್ಲ. ಒತ್ತಾಯ ಮಾಡ್ಬೇಕಾ ಬಿಡ್ಬೇಕಾ?

ಹಳೇ ಕಾಲದೋನು: ಎಲ್ಲಾ ಹೇಳಿದ್ರಿ, ಮುಖ್ಯದ್ದು ಬಿಟ್ರಿ. ಟೀಚರಮ್ಮ ಆ ಕುದುರೆಗೆ ಸುಳಿ ನೋಡ್ಸಿದ್ರಾ? ಕೆಟ್ಟ ಸುಳಿ ಇದ್ರೆ ಮನೆ ಯಜಮಾನರಿಗೂ ಒಳ್ಳೇದಲ್ಲ. ನಮ್ಮಜ್ಜ ಸುಳಿ ನೋಡದೆ ಎತ್ತೂ ತರ್ತಿರ್ಲಿಲ್ಲ.

ವೆಟ್ ಹುಡುಗಿ: ಅಜ್ಜಾ, ಸುಳಿ ಅಂದ್ರೆ ಕೂದಲು ತಿರುಗಿರೋ ರೀತಿ ಅಷ್ಟೆ, ಹುಟ್ಟಿದಾಗಿಂದ ಇರುತ್ತೆ. ಅದೇ ಸುಳಿ ಇಟ್ಕೊಂಡು ಐದಾರು ವರ್ಷ ಸುಮ್ನೆ ಇದ್ದ ಕುದುರೆ ಜೀನು ಬದ್ಲಾದ ಮೇಲೆ ಕೆಟ್ಟೋಯ್ತಾ?

ಹಳೇ ಕಾಲದೋನು: ನಾಲ್ಕು ಪುಸ್ತಕ ಓದಿದ ತಕ್ಷಣ ಹಿರಿಯರೆಲ್ಲ ದಡ್ಡರಾ? ಕೆಳದಿ ನಾಯಕರ ಕಾಲದಲ್ಲಿ ಸುಳಿ ನೋಡದೆ ಲಾಯಕ್ಕೆ ಕುದುರೆ ಕಟ್ತಿದ್ರಾ?

ವೆಟ್ ಹುಡುಗಿ: ಕೆಳದಿ ನಾಯಕರ ಲಾಯದಲ್ಲಿ ನೀವಿದ್ರಾ?

ಭದ್ರಾವತಿ ಬುಲೆಟ್: 😂😂 ಅಂದ ಹಾಗೆ ಫೀಸು ಎಷ್ಟು ಅಂತ ಯಾರೂ ಹೇಳ್ಲಿಲ್ಲ.

ಅಡಿಕೆ ಮಂಡಿ: ಹಿರಿಯರ ಹತ್ರ ಮಾತಾಡೋ ರೀತಿನಾ ಇದು? ಕುದುರೆ ಸಾಕೋದೇ ದುಡ್ಡಿದ್ದೋರ ಶೋಕಿ, ಅದ್ರಲ್ಲಿ ಇಷ್ಟು ಜಂಬ.

ಸಾಗರದ ಸೊಸೆ: ಯಾರು ದುಡ್ಡಿದ್ದೋರು? ನಾನು ಹೊಲಿಗೆ ದುಡ್ಡಲ್ಲಿ ಕ್ಲಾಸಿಗೆ ಹೋಗ್ತೀನಿ. ಮಾತು ನೋಡ್ಕೊಂಡು ಆಡಿ.

ರಿಪ್ಪನ್‌ಪೇಟೆ: ಸರ್ ಕ್ಯಾಂಟರ್ ಅಂದ್ರೆ ನಂಗೂ ಭಯ, ಏನ್ ಮಾಡ್ಲಿ?

ಮಾಸ್ಟ್ರು: ಮೇಲೆ ಬರೆದಿದೀನಿ.

ರಿಪ್ಪನ್‌ಪೇಟೆ: ಎಲ್ಲಿ ಸರ್?

ಮಾಸ್ಟ್ರು: ಮೇಲೆ.

ಹೊಸನಗರದ ಟೀಚರ್: ಸರ್, ಈಗ್ಲೇ ನಮ್ಮ ಹುಡುಗನ ಕೈಲಿ ಸುತ್ತು ಹೊಡೆಸಿ ನೋಡ್ದೆ. ಹೆಗಲಿನ ಉಬ್ಬು ಮುಗಿಯೋ ಕಡೆ ಎಡಗಡೆ ಒಣಗಿದ ಜಾಗ ಇದೆ, ಕೈ ಇಟ್ರೆ ಬೆನ್ನು ತಗ್ಗಿಸ್ತಾಳೆ. ನಾಲ್ಕೈದು ಬಿಳಿಕೂದಲೂ ಇದೆ, ನಾನು ಅದನ್ನ ವಯಸ್ಸು ಅಂದ್ಕೊಂಡಿದ್ದೆ.

ಮಾಸ್ಟ್ರು: ವಯಸ್ಸಾದ್ರೆ ಅಲ್ಲೊಂದೇ ಕಡೆ ಬರಲ್ಲ ಟೀಚರೇ. ಆ ಜೀನು ಇನ್ನು ಹಾಕಬೇಡಿ, ಕೆಳಗೆ ದಪ್ಪ ಕಂಬಳಿ ಮಡಚಿ ಇಡೋ ಉಪಾಯವೂ ಬೇಡ, ಬಿಗಿಯಾದ ಚಪ್ಪಲಿಗೆ ಎರಡು ಕಾಲುಚೀಲ ಹಾಕಿದ ಹಾಗೆ ಇನ್ನೂ ಒತ್ತುತ್ತೆ. ಹಳೇ ಜೀನಿನ ಒಳಗಿನ ಮರದ ಚೌಕಟ್ಟು ಗಟ್ಟಿ ಇದ್ರೆ ಹೊಲಿಗೆ ಹಾಕ್ಸಿ ನೋಡಿ. ಅದನ್ನ ಗೋಡೆಗೆ ತಾಗಿಸಿ ಇಡಬೇಡಿ, ನಮ್ಮ ಮಳೆಗೆ ಗೋಡೆಯೇ ಬೆವರುತ್ತೆ, ಹಾಗಂತ ಒಲೆ ಮೇಲಿನ ಅಟ್ಟಕ್ಕೂ ಬೇಡ, ಚರ್ಮ ಸಿಡಿಯುತ್ತೆ. ಬೆನ್ನು ಪೂರ್ತಿ ವಾಸಿ ಆಗೋ ತನಕ ಅವಳಿಗೆ ರಜೆ. ಮಾರೋ ಮಾತು ಮನೇಲಿ ಸದ್ಯಕ್ಕೆ ನಿಲ್ಸಿ. ಡಾಕ್ಟರ್ ವಿಷಯಕ್ಕೆ ನೀವು ಉತ್ತರ ಕೊಡ್ಲಿಲ್ಲ?

ಹೊಸನಗರದ ಟೀಚರ್: ನಾಳೆ ಮೌಲ್ಯಮಾಪನ ಡ್ಯೂಟಿ ಇದೆ ಸರ್, ಅದು ಮುಗಿದ ಮೇಲೆ...

ಮಾಸ್ಟ್ರು: ಕುದುರೆಗೆ ತೋರಿಸಿದ ಕಾಳಜಿ ನಿಮಗೂ ತೋರಿಸ್ಕೊಳಿ. ಡ್ಯೂಟಿಗೆ ರಜೆ ಹಾಕಿ.

ಹಳೇ ಕಾಲದೋನು: ಬಿಳಿಕೂದಲು ಅಂದ್ರಲ್ಲ, ಅದೂ ಒಂದು ದೋಷಾನೇ.

ಮಾಸ್ಟ್ರು: ಯಜಮಾನ್ರೇ, ಸಾಕು. ನಂಗೆ ಲಾಯದಲ್ಲಿ ಕೆಲಸ ಇದೆ.

ಅಡ್ಮಿನ್: ಕಮೆಂಟ್ ಆಫ್ ಮಾಡ್ತಿದೀನಿ. ಅಡಿಕೆ ಮಂಡಿಯವರೇ, ಇನ್ನೊಂದು ಫಾರ್ವರ್ಡ್ ಬಂದ್ರೆ ಗುಂಪಿಂದಲೇ ತೆಗೀತೀನಿ.