ಮೂಲಂಗಿಯ ಮೂರು ಮುಖ

"ತ್ರೀ-ಡಿ ಪ್ರಿಂಟರ್ ಬಂದಾಗಿನಿಂದ ನಮ್ಮ ಹುಡುಗರು ಏನು ಮಾಡಿದ್ರು ಹೇಳು?" ಅಂದ ಸೀನ.

"ಕೀಚೈನು." ಗೋಪಿ ಕಾಫಿ ಲೋಟದೊಳಗೇ ಗೊಣಗಿದ. ಶಾಲೆಯ ಲ್ಯಾಬ್ ನೋಡ್ಕೊಳ್ಳೋ ಮೇಷ್ಟ್ರು ಅವನೇ.

"ಎಲ್ಲರ ಜೇಬಲ್ಲೂ ಹೆಸರಿನ ಕೀಚೈನು. ಬೀಗದಕೈ ಒಬ್ಬನ ಹತ್ರಾನೂ ಇಲ್ಲ!"

ಗೋಪಿಗೆ ರೇಗಿತು. ಶಾಲೆಯಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯೋ ಅಟಲ್ ಟಿಂಕರಿಂಗ್ ಲ್ಯಾಬಿಗೆ ಸರ್ಕಾರ 20 ಲಕ್ಷದವರೆಗೆ ಕೊಡುತ್ತೆ, ಆದರೆ ಆಕಾರವನ್ನ ತಲೆಯೊಳಗೆ ತಿರುಗಿಸೋ ಮೆಷಿನ್ನು ಅದರ ಸಾಮಾನಿನ ಪಟ್ಟಿಯಲ್ಲಿಲ್ಲ ಅನ್ನೋದು ಅವನ ತಕರಾರು. "ಟಿಂಕರ್‌ಕ್ಯಾಡ್ ಅನ್ನೋ ತ್ರೀ-ಡಿ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಮೌಸ್ ಹಿಡಿದು ಗರಗರ ತಿರುಗಿಸ್ತಾರೆ. ಕಂಪ್ಯೂಟರ್ ಆಫ್ ಮಾಡಿ 'ಪಕ್ಕದಿಂದ ಹೇಗೆ ಕಾಣುತ್ತೋ ಬರೀರಿ' ಅಂದ್ರೆ ಪೆನ್ಸಿಲ್ ಕಚ್ಕೊಂಡು ಕೂರ್ತಾರೆ. ನೀವೇ ಹೇಳಿ ನೋಡೋಣ. ಮೇಲಿಂದ ದುಂಡಗೆ, ಮುಂದಿನಿಂದ ಚೌಕ, ಪಕ್ಕದಿಂದ ತ್ರಿಕೋನ. ಏನದು?"

"ನನ್ನ ಭಾವಮೈದ" ಅಂದ ಸುಬ್ಬು.

ಗೋಪಿ ಸುಬ್ಬುವಿನ ಕೈಚೀಲದಿಂದ ಮೂಲಂಗಿ ಎಳೆದ. ಹೋಟೆಲಿನ ಭಟ್ಟರ ಚಾಕು ಇಸ್ಕೊಂಡು, ಅಗಲ ಎಷ್ಟೋ ಅಷ್ಟೇ ಎತ್ತರದ ತುಂಡು ಮಾಡಿದ. ನೆತ್ತಿಯ ನಡುಮಧ್ಯೆ ಒಂದು ಗೆರೆ ಗೀರಿ, ಅಲ್ಲಿಂದ ತಳದ ಅಂಚಿನವರೆಗೆ ಎರಡೂ ಕಡೆ ಇಳಿಜಾರಾಗಿ ಕೊಯ್ದ. ತಿರುಗಿಸಿ ತೋರಿಸಿದ: ದುಂಡು, ಚೌಕ, ತ್ರಿಕೋನ!

"ಅಯ್ಯೋ, ಹುಳಿಗೆ ತಂದಿದ್ದು ಕಣೋ!"

"ಹೀಗೆ ಕೈಯಾರೆ ಕೊಯ್ದ ಹುಡುಗಿ ಟಾಪ್ ವ್ಯೂನಲ್ಲಿ ವೃತ್ತದ ನಡುವೆ ಆ ಗೆರೆ ಎಳೆಯೋದು ಮರೆಯಲ್ಲ. ಸ್ಕ್ರೀನಲ್ಲಷ್ಟೇ ನೋಡಿದವನು ಬರೀ ಸೊನ್ನೆ ಬರೀತಾನೆ. ನಾನೂ ಅದನ್ನೇ ಕೊಡ್ತೀನಿ."

"ಮೊನ್ನೆ ಒಬ್ಬ ಟಾಪ್ ವ್ಯೂನ ಫ್ರಂಟ್ ವ್ಯೂ ಮೇಲೆ ಬರೆದ ಅಂತ ಮಾರ್ಕ್ಸ್ ಕಿತ್ಕೊಂಡ್ಯಲ್ಲ?"

"ನಮ್ಮಲ್ಲಿ ಡ್ರಾಯಿಂಗಿಗೆ ಫಸ್ಟ್ ಆ್ಯಂಗಲ್ ಅನ್ನೋ ಪದ್ಧತಿ. ಮೇಲಿಂದ ಕಂಡದ್ದನ್ನ ಕೆಳಗೆ ಬರೀಬೇಕು. ಅವನು ಯಾವುದೋ ಅಮೆರಿಕದ ವಿಡಿಯೋ ನೋಡಿ ಥರ್ಡ್ ಆ್ಯಂಗಲ್ ಬರೆದ."

"ಮೇಲಿನದನ್ನ ಮೇಲೆ ಬರೆದರೆ ಫೇಲು! ಅಮೆರಿಕದಲ್ಲಿ ಹುಟ್ಟಿದ್ರೆ ಪಾಸಾಗ್ತಿದ್ದ ಪಾಪ."

ಇದರಲ್ಲಿ ನನ್ನ ಓಟು ಹುಡುಗನಿಗೇ. ಯಾವ ಪದ್ಧತಿ ಅಂತ ಹಾಳೆಯ ಮೂಲೆಯಲ್ಲಿ ಗುರುತು ಹಾಕಿದ್ದರೆ ಕಾರ್ಖಾನೆಯವನಿಗೂ ಅರ್ಥವಾಗುತ್ತೆ. ಗೋಪಿಗೆ ಯಾಕೆ ಆಗಬಾರದು? ಹಾಗಂದದ್ದಕ್ಕೆ ಗೋಪಿ ನನ್ನ ಕಡೆ ಚಾಕು ತೋರಿಸಿದ.

ಅಷ್ಟರಲ್ಲಿ ಭಟ್ಟರು ಚೀಟಿ ಇಟ್ಟರು. ನಾಲ್ಕು ಕಾಫಿಗೆ 60. ಸೀನ ಅದನ್ನ ಮೇಜಿನ ಮೇಲೇ 180 ಡಿಗ್ರಿ ತಿರುಗಿಸಿದ.

"ನಮ್ಮ ಕಡೆಯಿಂದ 09 ಕಾಣ್ತಿದೆ ಭಟ್ರೇ."

"ಮೊದಲು ಚಾಕು ಇಲ್ಲಿ ಕೊಡಿ" ಅಂದರು ಭಟ್ಟರು.